ಖಾಸಗಿ ಮೊಬೈಲ್ ಜಾಲಕ್ಕೆ ಸೆಲ್ಯುಲರ್ ಮೋಡೆಮ್: ಯಾವುದನ್ನು, ಯಾವ ಕ್ರಮದಲ್ಲಿ ಆರಿಸಬೇಕು

ಚಿತ್ರದುರ್ಗದ ಸುತ್ತಲಿನ ಗುಡ್ಡಸಾಲುಗಳ ಗಾಳಿಯಂತ್ರಗಳು, ಹೊಳಲ್ಕೆರೆ ಮತ್ತು ಭೀಮಸಮುದ್ರದ ಕಡೆಯ ಕಬ್ಬಿಣದ ಅದಿರಿನ ಗಣಿಗಳು, ಚಳ್ಳಕೆರೆಯ ಎಣ್ಣೆ ಗಿರಣಿಗಳು, ದಾವಣಗೆರೆಯ ಅಕ್ಕಿ ಗಿರಣಿಗಳು ಮತ್ತು ಜವಳಿ ಘಟಕಗಳು, ಇಂಥ ಕಡೆಗಳಲ್ಲೆಲ್ಲ ಯಂತ್ರದ ಬಳಿ ಹೋಗಿ ಮೀಟರ್ ಓದುವ ಬದಲು ಕಚೇರಿಯಲ್ಲಿ ಕುಳಿತೇ ಅದನ್ನು ನೋಡಿಕೊಳ್ಳುವ ವ್ಯವಸ್ಥೆಗೆ ಬೇಡಿಕೆ ಬರುತ್ತಿದೆ. ಆ ವ್ಯವಸ್ಥೆಯಲ್ಲಿ ಯಂತ್ರವನ್ನು ಜಾಲಕ್ಕೆ ಸೇರಿಸುವ ಕೊನೆಯ ಕೊಂಡಿ ಸೆಲ್ಯುಲರ್ ಮೋಡೆಮ್. ಸಾರ್ವಜನಿಕ ಮೊಬೈಲ್ ಜಾಲವಾದರೆ ಸಿಮ್ ಹಾಕಿ ಕರೆಂಟ್ ಕೊಟ್ಟರೆ ಸಾಕು, ಹೆಚ್ಚಿನ ಮೋಡೆಮ್‌ಗಳು ತಾವಾಗಿಯೇ ಜಾಲವನ್ನು ಹುಡುಕಿ ಸೇರಿಕೊಳ್ಳುತ್ತವೆ. ಖಾಸಗಿ ಜಾಲದಲ್ಲಿ ಹಾಗಾಗುವುದಿಲ್ಲ. ಮೋಡೆಮ್ ತಯಾರಿಸಿದವರು ಆ ಜಾಲದ ಹೆಸರನ್ನೇ ಕೇಳಿರುವುದಿಲ್ಲ. ಆದ್ದರಿಂದ ಅದರ ಬ್ಯಾಂಡ್ (ಅದು ಬಳಸುವ ರೇಡಿಯೊ ಆವರ್ತನಗಳ ಶ್ರೇಣಿ), ಅದರ ಗುರುತಿನ ಸಂಖ್ಯೆ, ಅದರ ಸಿಮ್ ಇವೆಲ್ಲವನ್ನೂ ನಾವೇ ಮೋಡೆಮ್‌ಗೆ ತಿಳಿಸಿಕೊಡಬೇಕು.

ಈ ಕೆಲಸದಲ್ಲಿ ಹಣ ವ್ಯರ್ಥವಾಗುವುದು ಬಹುಪಾಲು ಒಂದೇ ಕಾರಣಕ್ಕೆ: ಮೋಡೆಮ್ ಮೊದಲು ಬರುತ್ತದೆ, ಜಾಲದ ನಿರ್ಧಾರ ಆಮೇಲೆ ಆಗುತ್ತದೆ. ಕ್ರಮ ಇದಕ್ಕೆ ತಿರುಗುಮುರುಗಾಗಬೇಕು. ಯಾವ ಬಗೆಯ ಖಾಸಗಿ ಜಾಲ, ಯಾರ ಸ್ಪೆಕ್ಟ್ರಂ (ಬಳಸಲು ಹಕ್ಕು ಪಡೆದ ರೇಡಿಯೊ ತರಂಗಗಳು), ಯಾವ ಬ್ಯಾಂಡ್ ಎಂಬುದು ಕಾಗದದ ಮೇಲೆ ಖಚಿತವಾದ ನಂತರವೇ ಮೋಡೆಮ್‌ನ ಆಯ್ಕೆಗೆ ಕೈಹಾಕಬೇಕು. ಹಾಗೆ ಕೈಹಾಕಿದಾಗಲೂ ವೇಗದ ಅಂಕಿಗಿಂತ ಮುಖ್ಯವಾಗಿ ನೋಡಬೇಕಾದ ಗುಣ ಇನ್ನೊಂದಿದೆ. ಜಾಲ ತನ್ನನ್ನು ತಿರಸ್ಕರಿಸಿದಾಗ ಏಕೆ ತಿರಸ್ಕರಿಸಿತು ಎಂದು ಬಾಯಿಬಿಟ್ಟು ಹೇಳುವ ಮೋಡೆಮ್ ಒಳ್ಳೆಯ ಮೋಡೆಮ್. ಕೆಂಪು ದೀಪ ಮಿನುಗಿಸಿ ಸುಮ್ಮನಾಗುವ ಮೋಡೆಮ್ ಎಷ್ಟೇ ಅಗ್ಗವಾಗಿದ್ದರೂ ಈ ಕೆಲಸಕ್ಕೆ ದುಬಾರಿಯೇ.

ಮೊದಲ ಆಯ್ಕೆ: ಯಾವ ಅರ್ಥದಲ್ಲಿ ಖಾಸಗಿ

‘ಖಾಸಗಿ ಮೊಬೈಲ್ ಜಾಲ’ ಎಂದು ವ್ಯಾಪಾರಿಗಳು ಮಾರುವ ವಸ್ತುಗಳು ಎರಡು ತೀರ ಬೇರೆ ಬೇರೆ ಬಗೆಯವು. ಒಂದು, ಮೊಬೈಲ್ ಕಂಪನಿಯ ಈಗಿರುವ ಟವರುಗಳ ಮೇಲೆಯೇ ನಿಮ್ಮ ಸಂಸ್ಥೆಗಾಗಿ ಪ್ರತ್ಯೇಕವಾಗಿ ತೆರೆದುಕೊಡುವ ಖಾಸಗಿ ಎಪಿಎನ್, ಅಂದರೆ ದತ್ತಾಂಶ ಜಾಲದಿಂದ ಹೊರಹೋಗುವ ಬಾಗಿಲು. ಇದರಲ್ಲಿ ಮೋಡೆಮ್ ಸಾಮಾನ್ಯ ಜಾಲಕ್ಕೇ ಸೇರುತ್ತದೆ. ಆದರೆ ಅದರ ದತ್ತಾಂಶ ಸಾರ್ವಜನಿಕ ಅಂತರ್ಜಾಲಕ್ಕೆ ತೆರೆದುಕೊಳ್ಳದೆ, ಕಂಪನಿಯ ಕೋರ್‌ನಿಂದ (ಜಾಲವನ್ನು ನಡೆಸುವ ಕೇಂದ್ರ ವ್ಯವಸ್ಥೆಯಿಂದ) ನೇರವಾಗಿ ನಿಮ್ಮ ಕಚೇರಿಗೆ ಐಪಿಸೆಕ್ ಎಂಬ ಗೂಢಲಿಪಿಯ ಸುರಂಗದ ಮೂಲಕ ಅಥವಾ ಬಾಡಿಗೆಗೆ ಪಡೆದ ಲೀಸ್ ಲೈನ್ ಮೂಲಕ ಬರುತ್ತದೆ. ಪ್ರತಿ ಸಿಮ್‌ಗೂ ಬದಲಾಗದ ಐಪಿ ವಿಳಾಸ ಕೇಳಿ ಪಡೆಯಬಹುದು. ಎರಡನೆಯದು, ನಿಮ್ಮ ಆವರಣಕ್ಕೆಂದೇ ಬೇಸ್ ಸ್ಟೇಷನ್ (ಟವರಿನಂತೆ ರೇಡಿಯೊ ಸಂಕೇತ ಕೊಡುವ ಉಪಕರಣ) ಮತ್ತು ಕೋರ್ ಎರಡನ್ನೂ ನಿಲ್ಲಿಸಿದ, ಹೊರಗಿನ ಫೋನುಗಳಿಗೆ ಪ್ರವೇಶವಿಲ್ಲದ ಜಾಲ. ಕೇಂದ್ರ ದೂರಸಂಪರ್ಕ ಇಲಾಖೆ ಇದಕ್ಕೆ ಕ್ಯಾಪ್ಟಿವ್ ನಾನ್-ಪಬ್ಲಿಕ್ ನೆಟ್‌ವರ್ಕ್, ಚಿಕ್ಕದಾಗಿ ಸಿಎನ್‌ಪಿಎನ್, ಎಂದು ಹೆಸರಿಟ್ಟಿದೆ.

ಇಲಾಖೆ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಾಲ್ಕು ದಾರಿಗಳನ್ನು ತೋರಿಸಿತು: ಮೊಬೈಲ್ ಕಂಪನಿಯು ತನ್ನ ಸಾರ್ವಜನಿಕ ಜಾಲದ ಒಂದು ಭಾಗವನ್ನು ನಿಮಗೆ ಬೇರ್ಪಡಿಸಿಕೊಡುವುದು, ಅದೇ ಕಂಪನಿಯು ತನ್ನ ಸ್ಪೆಕ್ಟ್ರಂ ಬಳಸಿ ನಿಮ್ಮ ಆವರಣದಲ್ಲಿ ಪ್ರತ್ಯೇಕ ಜಾಲವನ್ನು ಕಟ್ಟಿಕೊಡುವುದು, ನೀವು ಕಂಪನಿಯಿಂದ ಸ್ಪೆಕ್ಟ್ರಂ ಅನ್ನು ಗುತ್ತಿಗೆಗೆ ಪಡೆಯುವುದು, ಇಲಾಖೆಯಿಂದಲೇ ನೇರವಾಗಿ ಪಡೆಯುವುದು. ನಾಲ್ಕನೆಯ ದಾರಿಯನ್ನು ನೆಚ್ಚಿಕೊಂಡು ನಮ್ಮ ಕಡೆಯ ಘಟಕಗಳು ಯೋಜನೆ ಹಾಕುವುದು ತರವಲ್ಲ. ನೇರ ಹಂಚಿಕೆಗೆ ಎಷ್ಟು ಬೇಡಿಕೆಯಿದೆ ಎಂದು ತಿಳಿಯಲು ಇಲಾಖೆ ನಡೆಸಿದ ಅಧ್ಯಯನಕ್ಕೇ 100 ಕೋಟಿ ರೂಪಾಯಿಗಿಂತ ಹೆಚ್ಚಿನ ನಿವ್ವಳ ಮೌಲ್ಯವಿರುವ ಸಂಸ್ಥೆಗಳನ್ನು ಆಹ್ವಾನಿಸಲಾಗಿತ್ತು. ಮೊಬೈಲ್ ಕಂಪನಿಯ ಜೊತೆಗೂಡಿ ಮಾಡಿದ ಕೆಲಸಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ: 2022ರಲ್ಲಿ ಬೆಂಗಳೂರಿನ ಬಾಷ್ ಕಾರ್ಖಾನೆಯಲ್ಲಿ ಏರ್‌ಟೆಲ್ ಖಾಸಗಿ 5ಜಿ ಜಾಲದ ಪ್ರಯೋಗ ನಡೆಸಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಮೆರಿಕದಲ್ಲಿ 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಸಿಬಿಆರ್‌ಎಸ್ ಬ್ಯಾಂಡನ್ನು ಹರಾಜಿನಲ್ಲಿ ಗೆಲ್ಲದವರೂ ನಿಯಮಕ್ಕೊಳಪಟ್ಟು ಬಳಸಬಹುದು. ಅಂತರ್ಜಾಲದಲ್ಲಿ ಸಿಗುವ ಖಾಸಗಿ ಜಾಲದ ಪಾಠಗಳಲ್ಲಿ ಬಹಳಷ್ಟು ಆ ಅನುಕೂಲವನ್ನು ಗ್ರಹಿಸಿಕೊಂಡೇ ಬರೆದವು. ಭಾರತದಲ್ಲಿ ಅಂಥ ಮುಕ್ತ ಮೊಬೈಲ್ ಬ್ಯಾಂಡ್ ಇಲ್ಲ. ಸಾಫ್ಟ್‌ವೇರ್ ರೇಡಿಯೊ (ಕಂಪ್ಯೂಟರಿನಿಂದ ನಡೆಸುವ ರೇಡಿಯೊ ಉಪಕರಣ) ತಂದು, ಓಪನ್5ಜಿಎಸ್ ಎಂಬ ಮುಕ್ತ ತಂತ್ರಾಂಶದ ಕೋರ್ ಹಾಕಿ, ಆಂಟೆನಾ ಜೋಡಿಸಿ ಆನ್ ಮಾಡುವುದು ತಾಂತ್ರಿಕವಾಗಿ ಸುಲಭ, ಆದರೆ ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ. ಪಕ್ಕದ ಟವರಿನ ಗ್ರಾಹಕರಿಗೆ, ತುರ್ತು ಕರೆ ಮಾಡುವವರಿಗೆ ಅಡಚಣೆಯಾಗಬಹುದು ಎಂಬುದು ಕಾನೂನಿಗಿಂತ ದೊಡ್ಡ ಕಾರಣ. ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಗೆ ಇದರಿಂದ ದಾರಿ ಮುಚ್ಚಿತೆಂದು ತಿಳಿಯಬೇಕಿಲ್ಲ. ಬೇಸ್ ಸ್ಟೇಷನ್ನಿನ ಆಂಟೆನಾ ಕಿಂಡಿಯಿಂದ ಮೋಡೆಮ್‌ನ ಆಂಟೆನಾ ಕಿಂಡಿಗೆ, ನಡುವೆ ಸಂಕೇತವನ್ನು ತಗ್ಗಿಸುವ ತಕ್ಕ ಅಟೆನ್ಯುಯೇಟರ್ ಇಟ್ಟು, ಕೇಬಲ್ ಮೂಲಕವೇ ಜೋಡಿಸಿ ಇಡೀ ವ್ಯವಸ್ಥೆಯನ್ನು ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಗಾಳಿಗೆ ಸಂಕೇತ ಸೋರದಂತೆ ಕಲಿಯಬಹುದು. ಹೊರಗೆ ಪ್ರಸಾರ ಮಾಡಲೇಬೇಕಾದರೆ ದೂರಸಂಪರ್ಕ ಇಲಾಖೆಯಿಂದ ಪ್ರಾಯೋಗಿಕ ಪರವಾನಗಿಯನ್ನು ಮೊದಲೇ ಪಡೆಯಬೇಕು.

ಹಾಗಾದರೆ ಯಾರಿಗೆ ಯಾವುದು? ದಾವಣಗೆರೆಯಲ್ಲಿ ಒಂದು, ಹರಿಹರದಲ್ಲಿ ಒಂದು, ಚನ್ನಗಿರಿಯಲ್ಲಿ ಒಂದು ಹೀಗೆ ಚದುರಿಹೋದ ಗೋದಾಮುಗಳ ತೂಕದ ಯಂತ್ರ ಮತ್ತು ವಿದ್ಯುತ್ ಮೀಟರುಗಳನ್ನು ಒಂದೆಡೆ ನೋಡಬೇಕಾದವರಿಗೆ ಖಾಸಗಿ ಎಪಿಎನ್ ಸಾಕು. ಇನ್ನೊಂದನ್ನು ಯೋಚಿಸುವ ಅಗತ್ಯವೇ ಇಲ್ಲ. ಒಂದೇ ಕಾಂಪೌಂಡಿನೊಳಗೆ ಎರಡು ಮೂರು ಕಟ್ಟಡಗಳಿರುವ ಗಿರಣಿಗೆ ಮೊಬೈಲ್ ಜಾಲವೇ ಬೇಡ, ಫೈಬರ್ ಮತ್ತು ವೈಫೈ ಅಗ್ಗವೂ ಹೌದು, ಸುಲಭವೂ ಹೌದು. ಆವರಣದ ಸ್ವಂತ ಜಾಲಕ್ಕೆ ನಿಜವಾದ ಕಾರಣವಿರುವುದು ಗಣಿಯಂಥ ಕಡೆ: ಪ್ರದೇಶ ವಿಸ್ತಾರವಾಗಿದೆ, ಟಿಪ್ಪರ್‌ಗಳು ಮತ್ತು ಅಗೆಯುವ ಯಂತ್ರಗಳು ಓಡಾಡುತ್ತಿರುತ್ತವೆ, ಗಣಿಯ ಹೊಂಡ ಆಳವಾದಂತೆ ಹೊರಗಿನ ಟವರಿನ ಸಂಕೇತ ಮರೆಯಾಗುತ್ತದೆ, ಕ್ಯಾಮೆರಾ ಚಿತ್ರ ಒಳಗಿನಿಂದ ಹೊರಕ್ಕೆ ಎಡೆಬಿಡದೆ ಬರಬೇಕಾಗುತ್ತದೆ. ಗಾಳಿಯಂತ್ರಗಳು ಈ ಎರಡರ ನಡುವೆ ಬರುತ್ತವೆ. ಹೊಸ ಯಂತ್ರಗಳಿಗೆ ವಿದ್ಯುತ್ ಕೇಬಲ್‌ನ ಜೊತೆಯಲ್ಲೇ ಫೈಬರ್ ಹೂತಿರುತ್ತಾರೆ. ಫೈಬರ್ ಇಲ್ಲದ ಹಳೆಯ ಯಂತ್ರಗಳಿಗೆ ಗುಡ್ಡದ ನೆತ್ತಿಯಲ್ಲಿ ಸಂಕೇತ ಚೆನ್ನಾಗಿಯೇ ಸಿಗುವುದರಿಂದ ಖಾಸಗಿ ಎಪಿಎನ್ ಅನ್ನು ಮೊದಲು ಪರೀಕ್ಷಿಸಿ ನೋಡುವುದು ಸರಿ.

4ಜಿಯೋ 5ಜಿಯೋ

ಜಾಲವನ್ನು ಕಟ್ಟಿಕೊಡುವವರು 5ಜಿ ಎಂದೇ ಮಾತು ಆರಂಭಿಸುತ್ತಾರೆ. ಆದರೆ ಪಿಎಲ್‌ಸಿ ಎಂಬ ಯಂತ್ರ ನಿಯಂತ್ರಕವೊಂದು ಮಾಡ್‌ಬಸ್ ಎಂಬ ಭಾಷೆಯಲ್ಲಿ ಕಳುಹಿಸುವ ದತ್ತಾಂಶಕ್ಕೆ ಸೆಕೆಂಡಿಗೆ ಕೆಲವು ಕಿಲೋಬಿಟ್ ಸಾಕು, ಒಂದು ಕಣ್ಗಾವಲು ಕ್ಯಾಮೆರಾಕ್ಕೆ ಎರಡರಿಂದ ನಾಲ್ಕು ಮೆಗಾಬಿಟ್ ಸಾಕು. 4ಜಿಯ ವೇಗದ ವರ್ಗಗಳಲ್ಲಿ ಕ್ಯಾಟ್-1 ಮೋಡೆಮ್ ಇಳಿಮುಖವಾಗಿ (ಜಾಲದಿಂದ ಮೋಡೆಮ್‌ಗೆ) 10, ಏರುಮುಖವಾಗಿ 5 ಮೆಗಾಬಿಟ್ ಸಾಗಿಸಬಲ್ಲದು. ಕ್ಯಾಟ್-4 ಮೋಡೆಮ್‌ನ ಮಿತಿ 150 ಮತ್ತು 50. ಮೀಟರಿಗೆ ಮೊದಲನೆಯದು, ಕ್ಯಾಮೆರಾಕ್ಕೆ ಎರಡನೆಯದು ಸಾಲುತ್ತದೆ. 5ಜಿ ಬೇಕಾಗುವುದು ಚಾಲಕನಿಲ್ಲದೆ ದೂರದಿಂದ ಯಂತ್ರ ನಡೆಸುವಾಗ, ಹಲವು ಕ್ಯಾಮೆರಾಗಳು ಒಂದೇ ಬೇಸ್ ಸ್ಟೇಷನ್ನಿನ ಕೆಳಗೆ ಬರುವಾಗ, ಅಥವಾ ಜಾಲ ಕೊಡುವ ಕಂಪನಿಯ ಬಳಿ ನಿಮಗಾಗಿ ತೆಗೆದಿಡಲು 3.3 ಗಿಗಾಹರ್ಟ್ಸ್‌ನ ಎನ್78 ಬ್ಯಾಂಡ್ ಮಾತ್ರ ಇರುವಾಗ. 5ಜಿ ಆರಿಸಿದರೆ ಮೋಡೆಮ್ ‘ಸ್ಟ್ಯಾಂಡ್‌ಅಲೋನ್’ ವಿಧಾನದಲ್ಲಿ, ಆ ನಿರ್ದಿಷ್ಟ ಬ್ಯಾಂಡಿನಲ್ಲಿ, ಕೆಲಸ ಮಾಡುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. 4ಜಿಯ ಊರುಗೋಲಿಲ್ಲದೆ ನಿಲ್ಲಲಾರದ 5ಜಿ ಮೋಡೆಮ್‌ಗಳೂ ಮಾರುಕಟ್ಟೆಯಲ್ಲಿವೆ, ಮತ್ತು ಖಾಸಗಿ 5ಜಿ ಜಾಲಗಳಲ್ಲಿ ಹಲವಕ್ಕೆ 4ಜಿ ಭಾಗವೇ ಇರುವುದಿಲ್ಲ.

ಮೂರು ಬಗೆಯ ಮೋಡೆಮ್

ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಮೊದಲ ಬಗೆ ಯುಎಸ್‌ಬಿ ಡಾಂಗಲ್. ಮೊಬೈಲ್ ಕಂಪನಿಯ ಹೆಸರು ಹೊತ್ತ ಡಾಂಗಲ್‌ಗಳಲ್ಲಿ ಅನೇಕವು ಆ ಕಂಪನಿಯ ಸಿಮ್‌ಗೆ ಮಾತ್ರ ಬಾಗಿಲು ತೆರೆಯುವಂತೆ ಬೀಗ ಹಾಕಿಸಿಕೊಂಡಿರುತ್ತವೆ. ಬೀಗವಿಲ್ಲದವುಗಳಲ್ಲೂ ಹಲವು ಒಳಗೊಂದು ಪುಟ್ಟ ರೌಟರ್ ಆಗಿ ವರ್ತಿಸಿ, ಕಂಪ್ಯೂಟರಿಗೆ 192.168 ಎಂದು ಆರಂಭವಾಗುವ ವಿಳಾಸ ಕೊಟ್ಟು, ರೇಡಿಯೊ ಕಡೆಯಲ್ಲಿ ಏನಾಗುತ್ತಿದೆ ಎಂಬುದನ್ನು ಬಹುಪಾಲು ಮರೆಮಾಡುತ್ತವೆ. ಖಾಸಗಿ ಎಪಿಎನ್‌ನ ಪ್ರಾಥಮಿಕ ಪರೀಕ್ಷೆಗೆ, ಎಪಿಎನ್ ಹೆಸರನ್ನು ಬದಲಿಸಲು ಬರುವ ಡಾಂಗಲ್ ಆದರೆ, ಇದು ಸಾಕಾಗಬಹುದು. ಆವರಣದ ಸ್ವಂತ ಜಾಲಕ್ಕೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಮಾಡ್ಯೂಲ್: ಕ್ವೆಕ್ಟೆಲ್, ಸಿಮ್‌ಕಾಮ್, ಟೆಲಿಟ್ ಮುಂತಾದವರು ತಯಾರಿಸುವ, ಬೆರಳುಗಾತ್ರದ ಫಲಕ. 4ಜಿಗೆ ಕ್ವೆಕ್ಟೆಲ್‌ನ ಇಸಿ25, ಸಿಮ್‌ಕಾಮ್‌ನ ಸಿಮ್7600. 5ಜಿಗೆ ಕ್ವೆಕ್ಟೆಲ್‌ನ ಆರ್‌ಎಂ500ಕ್ಯು, ಆರ್‌ಎಂ520ಎನ್ ಎಂಬವು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ. ಒಂದೇ ಹೆಸರಿನ ಮಾಡ್ಯೂಲ್ ಬೇರೆ ಬೇರೆ ಖಂಡಗಳಿಗೆ ಬೇರೆ ಬೇರೆ ಬ್ಯಾಂಡುಗಳೊಂದಿಗೆ ಬರುತ್ತದೆ ಎಂಬುದನ್ನು ಮರೆಯಬಾರದು. ಹೆಸರಿನ ಕೊನೆಯ ಒಂದೆರಡು ಅಕ್ಷರಗಳೇ ಅದು ನಿಮ್ಮ ಬ್ಯಾಂಡಿಗೆ ಕಿವಿಗೊಡುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತವೆ. ಈ ಮಾಡ್ಯೂಲ್‌ಗಳ ದೊಡ್ಡ ಗುಣವೆಂದರೆ ಸೀರಿಯಲ್ ಪೋರ್ಟ್ ಮೂಲಕ ಎಟಿ ಕಮಾಂಡ್‌ಗಳಿಗೆ (ಮೋಡೆಮ್‌ಗೆ ಅಕ್ಷರಗಳಲ್ಲಿ ಕೊಡುವ ಆದೇಶಗಳಿಗೆ) ನೇರವಾಗಿ ಉತ್ತರಿಸುವುದು. ಯಾವ ಬ್ಯಾಂಡ್ ಮಾತ್ರ ಹುಡುಕಬೇಕು, ಯಾವ ಜಾಲಕ್ಕೆ ಮಾತ್ರ ಸೇರಬೇಕು ಎಂದು ಕಟ್ಟುಹಾಕಬಹುದು; ಯಾವ ಸೆಲ್ (ಬೇಸ್ ಸ್ಟೇಷನ್ನಿನ ವ್ಯಾಪ್ತಿ) ಕೇಳಿಸುತ್ತಿದೆ, ಎಷ್ಟು ಬಲವಾಗಿ ಕೇಳಿಸುತ್ತಿದೆ, ಜಾಲ ಏನು ಉತ್ತರ ಕೊಟ್ಟಿತು ಎಂದು ಓದಬಹುದು.

ಕೊರತೆಗಳೂ ಇವೆ, ಮತ್ತು ಅವು ಕರೆಂಟಿಗೆ ಸಂಬಂಧಿಸಿದವು. ಇಸಿ25ನಂಥ ಮಾಡ್ಯೂಲ್ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುವ ಕ್ಷಣದಲ್ಲಿ ಎರಡು ಆಂಪಿಯರ್‌ವರೆಗೆ ಎಳೆಯಬಹುದು ಎಂದು ಲೆಕ್ಕಹಾಕಿಯೇ ವಿದ್ಯುತ್ ಪೂರೈಕೆಯನ್ನು ವಿನ್ಯಾಸ ಮಾಡಬೇಕು. ಹಳೆಯ ಯುಎಸ್‌ಬಿ 2 ಪೋರ್ಟ್ ಅಧಿಕೃತವಾಗಿ ಕೊಡುವುದು 500 ಮಿಲಿಆಂಪಿಯರ್. ಆದ್ದರಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಮಾಡ್ಯೂಲ್ ಚೆನ್ನಾಗಿಯೇ ಗುರುತಿಸಿಕೊಂಡು, ಜಾಲಕ್ಕೆ ಸೇರಲು ಪ್ರಸಾರ ಆರಂಭಿಸಿದ ಕೂಡಲೇ ಯುಎಸ್‌ಬಿಯಿಂದ ಮಾಯವಾಗಿ, ಮತ್ತೆ ಕಾಣಿಸಿಕೊಂಡು, ಮತ್ತೆ ಮಾಯವಾಗುತ್ತದೆ. ಇದನ್ನು ಸಿಮ್‌ನ ದೋಷವೆಂದು ತಿಳಿದು ಹುಡುಕಾಡುವವರೇ ಹೆಚ್ಚು. ಪ್ರತ್ಯೇಕ ಅಡಾಪ್ಟರ್‌ನಿಂದ ಕರೆಂಟ್ ಪಡೆಯುವ, ಮಾಡ್ಯೂಲ್ ಕೂರಿಸುವ ಕ್ಯಾರಿಯರ್ ಬೋರ್ಡ್ ತೆಗೆದುಕೊಂಡರೆ ಈ ತೊಂದರೆ ಬಾರದು. 5ಜಿ ಮಾಡ್ಯೂಲ್‌ಗೆ ಶಾಖ ಹೊರಹಾಕುವ ಲೋಹದ ತಟ್ಟೆಯೂ ನಾಲ್ಕು ಆಂಟೆನಾಗಳೂ ಬೇಕು.

ಮೂರನೆಯದು ಕೈಗಾರಿಕಾ ರೌಟರ್. ಅದರ ಹೊಟ್ಟೆಯಲ್ಲಿ ಇರುವುದು ಇಂಥದೇ ಮಾಡ್ಯೂಲ್. ಹೊರಗೆ ಲೋಹದ ಕವಚ, ಪ್ಯಾನೆಲ್ ಬಾಕ್ಸಿನ ಡಿನ್ ರೈಲಿಗೆ ಸಿಕ್ಕಿಸುವ ಕೊಂಡಿ, 24 ವೋಲ್ಟಿನ ವಿದ್ಯುತ್ ಪ್ರವೇಶ, ಎತರ್ನೆಟ್ ಪೋರ್ಟ್, ಸ್ಥಗಿತವಾದರೆ ತಾನೇ ಮರಳಿ ಚಾಲೂ ಆಗುವ ವಾಚ್‌ಡಾಗ್. ಏಪ್ರಿಲ್ ತಿಂಗಳ ಚಿತ್ರದುರ್ಗದಲ್ಲಿ ಬಿಸಿಲಿಗೆ ಒಡ್ಡಿದ ಕಬ್ಬಿಣದ ಪೆಟ್ಟಿಗೆಯ ಒಳಗಿನ ಶಾಖ ಹೊರಗಿನ ಶಾಖಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಅಕ್ಕಿ ಗಿರಣಿಯಲ್ಲಾದರೆ ಭತ್ತದ ಹೊಟ್ಟಿನ ನುಣುಪು ದೂಳು ಗಾಳಿಕಿಂಡಿಗಳಿಂದ ಒಳಹೊಕ್ಕು ಫಲಕದ ಮೇಲೆ ಪದರಗಟ್ಟಿ ಶಾಖವನ್ನು ಹಿಡಿದಿಡುತ್ತದೆ. ಬೀಸಣಿಗೆ ಇಲ್ಲದ, 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ ರೌಟರ್ ಇಂಥ ಕಡೆ ಐಷಾರಾಮವಲ್ಲ. ಆದರೆ ಎಲ್ಲ ರೌಟರ್‌ಗಳೂ ಒಳಗಿನ ಮಾಡ್ಯೂಲ್ ಜೊತೆ ಮಾತನಾಡಲು ಬಿಡುವುದಿಲ್ಲ. ಕೊಳ್ಳುವ ಮುನ್ನ ಮಾರಾಟಗಾರರಿಗೆ ಕೇಳಬೇಕಾದ ಪ್ರಶ್ನೆಗಳು ಇವು: ಜಾಲದ ಸಂಖ್ಯೆಯನ್ನು ಕೈಯಿಂದ ನಮೂದಿಸಲು ಬರುತ್ತದೆಯೇ, ಬ್ಯಾಂಡ್ ಕಟ್ಟುಹಾಕಬಹುದೇ, ಎಟಿ ಕಮಾಂಡ್ ಕಳುಹಿಸಲು ರೌಟರ್‌ನಲ್ಲೇ ಜಾಗವಿದೆಯೇ, ಸಿಮ್‌ನ ಸಂಖ್ಯೆ ನೋಡಿ ರೌಟರ್ ತಾನಾಗಿಯೇ ಹಾಕಿಕೊಳ್ಳುವ ಎಪಿಎನ್ ಅನ್ನು ನಿಲ್ಲಿಸಲು ಬರುತ್ತದೆಯೇ, ಭಾರತದ ಕಡ್ಡಾಯ ದೂರಸಂಪರ್ಕ ಉಪಕರಣ ಪ್ರಮಾಣೀಕರಣ ಆಗಿದೆಯೇ. ಈ ಐದಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಗಣಿ, ಗಿರಣಿ, ಗಾಳಿಯಂತ್ರ ಯಾವುದಕ್ಕೇ ಆಗಲಿ ಕೈಗಾರಿಕಾ ರೌಟರ್ ಅನ್ನೇ ಆರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಾಡ್ಯೂಲ್ ಅನ್ನು ಕಾಲೇಜಿನ ಪ್ರಯೋಗಾಲಯಕ್ಕೂ, ತಾವೇ ಉಪಕರಣ ತಯಾರಿಸುವವರಿಗೂ ಬಿಡಬಹುದು. ರೌಟರ್ ಅಳವಡಿಸುವವರೂ ಅದೇ ಜಾತಿಯ ಒಂದು ಮಾಡ್ಯೂಲ್ ಅನ್ನು ಪರೀಕ್ಷೆಗಾಗಿ ಚೀಲದಲ್ಲಿ ಇಟ್ಟುಕೊಂಡಿದ್ದರೆ, ದೋಷ ಜಾಲದ್ದೋ ರೌಟರ್‌ನದ್ದೋ ಎಂಬುದು ಬೇಗ ಬೇರ್ಪಡುತ್ತದೆ.

ಸಿಮ್ ಎಲ್ಲಿಂದ

ಖಾಸಗಿ ಎಪಿಎನ್ ಆದರೆ ಸಿಮ್ ಮೊಬೈಲ್ ಕಂಪನಿಯದೇ. ಯಂತ್ರಗಳಿಗೆಂದು ಕೊಡುವ, 13 ಅಂಕಿಯ ಸಂಖ್ಯೆಯ ಎಂ2ಎಂ ಸಿಮ್ ಕೇಳಿ ಪಡೆಯಬೇಕು. ಕಂಪನಿಯೇ ಕಟ್ಟಿಕೊಟ್ಟ ಆವರಣ ಜಾಲದಲ್ಲೂ ಸಿಮ್ ಅವರಿಂದಲೇ ಬರುತ್ತದೆ. ಪ್ರಯೋಗಾಲಯದವರು ಮಾತ್ರ ಬರೆಯಬಹುದಾದ ಸಿಮ್ ಕಾರ್ಡ್ ಕೊಂಡು, ಪೈಸಿಮ್‌ನಂಥ ತಂತ್ರಾಂಶದಿಂದ ತಾವೇ ತುಂಬಿಸಿಕೊಳ್ಳುತ್ತಾರೆ. ಹಾಗೆ ಬರೆಯುವಾಗ ಎಡವುವ ಜಾಗಗಳು ಗೊತ್ತಿದ್ದರೆ ದಿನಗಟ್ಟಲೆ ಸಮಯ ಉಳಿಯುತ್ತದೆ.

ಸಿಮ್‌ನ ಐಎಂಎಸ್‌ಐ, ಅಂದರೆ ಚಂದಾದಾರನ ಗುರುತಿನ, ಸಂಖ್ಯೆಯ ಮೊದಲ ಮೂರು ಅಂಕಿ ದೇಶದ್ದು, ಮುಂದಿನ ಎರಡು ಅಥವಾ ಮೂರು ಅಂಕಿ ಜಾಲದ್ದು. ಭಾರತದ ಸಾರ್ವಜನಿಕ ಜಾಲಗಳು 404 ಮತ್ತು 405ರಿಂದ ಆರಂಭವಾಗುತ್ತವೆ. 001-01 ಪರೀಕ್ಷಾ ಜಾಲಕ್ಕೆ ಮೀಸಲು. 999 ಎಂಬ ಸಂಕೇತವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಖಾಸಗಿ ಜಾಲಗಳ ಆಂತರಿಕ ಬಳಕೆಗೆ ಬಿಟ್ಟುಕೊಟ್ಟಿದೆ. ಪರೀಕ್ಷೆಗಾಗಿ 404ರ ಯಾವುದಾದರೂ ಜಾಲದ ಸಂಖ್ಯೆಯನ್ನು ಎರವಲು ಪಡೆಯುವುದು ಸಲ್ಲದು, ಏಕೆಂದರೆ ಸುತ್ತಲಿನ ನಿಜವಾದ ಗ್ರಾಹಕರ ಫೋನುಗಳು ನಿಮ್ಮ ಬೇಸ್ ಸ್ಟೇಷನ್ನಿಗೆ ಸೇರಲು ಬರುತ್ತವೆ. ಜಾಲದ ಭಾಗ ಎರಡು ಅಂಕಿಯದೋ ಮೂರು ಅಂಕಿಯದೋ ಎಂಬುದು ಐಎಂಎಸ್‌ಐಯನ್ನು ನೋಡಿದರೆ ತಿಳಿಯುವುದಿಲ್ಲ. ಸಿಮ್‌ನ ಒಳಗಿನ ಬೇರೊಂದು ಕಡತದಲ್ಲಿ ಅದನ್ನು ಬರೆದಿರುತ್ತಾರೆ. ಅದು ತಪ್ಪಾಗಿದ್ದರೆ ಮೋಡೆಮ್ ತನ್ನ ಸ್ವಂತ ಜಾಲವನ್ನೇ ಪರಜಾಲವೆಂದು ಭಾವಿಸಿ, ರೋಮಿಂಗ್‌ನಲ್ಲಿದ್ದೇನೆಂದು ಹೇಳುತ್ತದೆ ಅಥವಾ ಸೇರದೆಯೇ ಉಳಿಯುತ್ತದೆ.

ಸಿಮ್ ಮತ್ತು ಕೋರ್ ಎರಡರಲ್ಲೂ ಒಂದೇ ಗುಟ್ಟಿನ ಕೀಲಿ ಇರಬೇಕು. ಕೆಐ ಎಂಬುದು 128 ಬಿಟ್‌ನದು, ಅಂದರೆ ಹದಿನಾರರ ಪದ್ಧತಿಯಲ್ಲಿ 32 ಅಕ್ಷರ. ಅದರ ಜೊತೆಗೆ ಒಪಿ ಅಥವಾ ಒಪಿಸಿ ಎಂಬ ಇನ್ನೊಂದು ಕೀಲಿಯಿದ್ದು, ಒಪಿಯೂ ಒಪಿಸಿಯೂ 32 ಅಕ್ಷರದವೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ನಮೂದಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಕೋರ್‌ನ ದಾಖಲೆಯಲ್ಲಿ ‘ಮ್ಯಾಕ್ ಫೇಲ್ಯೂರ್’ (ಕೀಲಿ ತಾಳೆಯಾಗಲಿಲ್ಲ) ಎಂದು ಬಂದರೆ ಮೊದಲು ಇದನ್ನೇ ನೋಡಬೇಕು. ಕಾರ್ಡಿಗೆ ಬರೆಯಲು ಬೇಕಾದ ಎಡಿಎಂ ಕೀಲಿಯನ್ನು ಕೆಲವೇ ಬಾರಿ ತಪ್ಪಾಗಿ ಕೊಟ್ಟರೂ ಕಾರ್ಡ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಯಾವ ಕಾರ್ಡಿಗೆ ಯಾವ ಕೀಲಿ ಎಂಬ ಪಟ್ಟಿಯನ್ನು ಬೀಗದೊಳಗೆ ಇಟ್ಟುಕೊಳ್ಳಬೇಕು. 5ಜಿಯಲ್ಲಿ ಇನ್ನೊಂದು ತೊಡಕಿದೆ: ಚಂದಾದಾರನ ಸಂಖ್ಯೆಯನ್ನು ಗೂಢಲಿಪಿಯಲ್ಲಿ ಕಳುಹಿಸಬೇಕೆಂದು ಸಿಮ್‌ನಲ್ಲಿ ಗುರುತು ಹಾಕಿ, ಅದಕ್ಕೆ ಬೇಕಾದ ಜಾಲದ ಸಾರ್ವಜನಿಕ ಕೀಲಿಯನ್ನು ಸರಿಯಾಗಿ ತುಂಬಿಸದೆ ಬಿಟ್ಟರೆ 4ಜಿಗೆ ಸೇರುವ ಅದೇ ಕಾರ್ಡ್ 5ಜಿಗೆ ಸೇರದಿರಬಹುದು.

ಕಾರ್ಡ್ ಬದಲು ಫಲಕಕ್ಕೇ ಬೆಸುಗೆ ಹಾಕಿದ ಇ-ಸಿಮ್ ತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆ ಟಿಪ್ಪರ್ ಮತ್ತು ಗಾಳಿಯಂತ್ರಗಳಿಗೆ ಮಾತ್ರ ಪ್ರಸ್ತುತ, ಅಲ್ಲಿ ನಿರಂತರ ಅದುರುವಿಕೆಯಿಂದ ಕಾರ್ಡ್ ಸಡಿಲಗೊಳ್ಳುತ್ತದೆ. ಮಿಕ್ಕ ಕಡೆ ಸಾಮಾನ್ಯ ಕಾರ್ಡೇ ಅನುಕೂಲ.

ಜಾಲ ಕೊಡುವ ಉತ್ತರವನ್ನು ಓದುವುದು

ಮೋಡೆಮ್ ಆರಿಸುವಾಗ ಹೇಳಿದ ‘ಬಾಯಿಬಿಟ್ಟು ಹೇಳುವ’ ಗುಣದ ಬೆಲೆ ತಿಳಿಯುವುದು ಇಲ್ಲಿ. ಮಾಡ್ಯೂಲ್ ಸಿಕ್ಕಿಸಿದಾಗ ಲಿನಕ್ಸ್ ಕಂಪ್ಯೂಟರಿನಲ್ಲಿ ಕೆಲವು ಸೀರಿಯಲ್ ಪೋರ್ಟ್‌ಗಳು ಕಾಣಿಸಿಕೊಳ್ಳುತ್ತವೆ. ಇಸಿ25ರಲ್ಲಿ ಅವುಗಳ ಪೈಕಿ ಮೂರನೆಯದು ಎಟಿ ಕಮಾಂಡಿನದು. ಅದನ್ನು ಟರ್ಮಿನಲ್‌ನಲ್ಲಿ ತೆರೆದು, ಮೊದಲು ಸಿಮ್ ಓದಿಸಿಕೊಂಡಿದೆಯೇ ಎಂದು ‘ಎಟಿ+ಸಿಪಿಐಎನ್?’ ಕೇಳಿ, ‘ಎಟಿ+ಸಿಐಎಂಐ’ ಎಂದು ಐಎಂಎಸ್‌ಐ ನೋಡಿ, ‘ಎಟಿ+ಸಿಜಿಡಿಸಿಒಎನ್‌ಟಿ’ಯಲ್ಲಿ ಕೋರ್‌ನಲ್ಲಿ ಇರುವ ಎಪಿಎನ್ ಹೆಸರನ್ನೇ ಅಕ್ಷರ ತಪ್ಪದೆ ಬರೆದು, ‘ಎಟಿ+ಸಿಒಪಿಎಸ್’ನಲ್ಲಿ ಜಾಲದ ಸಂಖ್ಯೆಯನ್ನು ಕೈಯಾರೆ ಆರಿಸಬೇಕು. ಆಮೇಲೆ ‘ಎಟಿ+ಸಿಇಆರ್‌ಇಜಿ?’ ಎಂದು ಕೇಳಿದರೆ 4ಜಿ ನೋಂದಣಿಯ ಸ್ಥಿತಿ ಅಂಕಿಯಲ್ಲಿ ಬರುತ್ತದೆ. 1 ಎಂದರೆ ಸ್ವಂತ ಜಾಲದಲ್ಲಿ ನೋಂದಣಿಯಾಗಿದೆ, 5 ಎಂದರೆ ರೋಮಿಂಗ್‌ನಲ್ಲಿ ನೋಂದಣಿಯಾಗಿದೆ, 2 ಎಂದರೆ ಇನ್ನೂ ಹುಡುಕುತ್ತಿದೆ, 3 ಎಂದರೆ ಜಾಲ ನಿರಾಕರಿಸಿದೆ.

ಈ 2 ಮತ್ತು 3ರ ನಡುವಿನ ವ್ಯತ್ಯಾಸ ಇಡೀ ಹುಡುಕಾಟದ ದಿಕ್ಕನ್ನೇ ಬದಲಿಸುತ್ತದೆ. 2ರಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಮೋಡೆಮ್‌ಗೆ ಜಾಲ ಕೇಳಿಸುತ್ತಲೇ ಇಲ್ಲ: ಬ್ಯಾಂಡ್ ತಪ್ಪು, ಆಂಟೆನಾ ತಪ್ಪು, ಅಥವಾ ಮೋಡೆಮ್ ಸಿಮ್ ನೋಡಿ ತಾನೇ ಆರಿಸಿಕೊಂಡ ಕಂಪನಿ ಪ್ರೊಫೈಲ್ (ಒಂದು ಕಂಪನಿಯ ಜಾಲಕ್ಕೆಂದು ಮೊದಲೇ ಮಾಡಿಟ್ಟ ಹೊಂದಾಣಿಕೆ) ಆ ಬ್ಯಾಂಡನ್ನೋ 5ಜಿ ಸ್ಟ್ಯಾಂಡ್‌ಅಲೋನ್ ಅನ್ನೋ ಮುಚ್ಚಿಹಾಕಿದೆ. ಕ್ವೆಕ್ಟೆಲ್ ಮಾಡ್ಯೂಲ್‌ಗಳಲ್ಲಿ ಪ್ರೊಫೈಲಿನ ಸ್ವಯಂ ಆಯ್ಕೆಯನ್ನು ನಿಲ್ಲಿಸಿ ಸಾಮಾನ್ಯ ಪ್ರೊಫೈಲ್ ಹಾಕಿದ ನಂತರ ಅದುವರೆಗೆ ಕುರುಡಾಗಿದ್ದ ಮೋಡೆಮ್‌ಗೆ ಜಾಲ ಕಾಣುವುದುಂಟು. 3 ಬಂದರೆ ರೇಡಿಯೊ ಕೆಲಸ ಮಾಡುತ್ತಿದೆ. ಇನ್ನು ಆಂಟೆನಾ ತಿರುಗಿಸುವುದನ್ನು ಬಿಟ್ಟು ಸಿಮ್ ಮತ್ತು ಕೋರ್ ಕಡೆ ನೋಡಬೇಕು. ಕೆಲವು ಮೋಡೆಮ್‌ಗಳು ನಿರಾಕರಣೆಯ ಕಾರಣ ಸಂಖ್ಯೆಯನ್ನೂ ಕೊಡುತ್ತವೆ, ಕೊಡದಿದ್ದರೆ ಕೋರ್‌ನ ದಾಖಲೆಯಲ್ಲಿ ಸಿಗುತ್ತದೆ. 11 ಎಂದರೆ ಈ ಜಾಲಕ್ಕೆ ಅನುಮತಿಯಿಲ್ಲ, 15 ಎಂದರೆ ಈ ಪ್ರದೇಶದಲ್ಲಿ ಸೂಕ್ತ ಸೆಲ್ ಇಲ್ಲ, ಎಪಿಎನ್ ತಪ್ಪಾಗಿದ್ದರೆ 27.

ಕಾರಣ 11 ಬಂದಾಗ ಇನ್ನೊಂದು ಸಂಗತಿ ನಡೆಯುತ್ತದೆ, ಇದು ತಿಳಿಯದೆ ಬಹಳ ಜನ ಒದ್ದಾಡುತ್ತಾರೆ. ಮೋಡೆಮ್ ಆ ಜಾಲದ ಸಂಖ್ಯೆಯನ್ನು ಸಿಮ್‌ನಲ್ಲಿರುವ ನಿಷೇಧಿತ ಜಾಲಗಳ ಪಟ್ಟಿಗೆ ಬರೆದುಬಿಡುತ್ತದೆ. ಮುಂದೆ ಕೋರ್‌ನಲ್ಲಿ ತಪ್ಪನ್ನು ಸರಿಪಡಿಸಿದರೂ, ಮೋಡೆಮ್ ಅನ್ನು ಆಫ್ ಮಾಡಿ ಆನ್ ಮಾಡಿದರೂ, ಆ ಸಿಮ್ ಹೊತ್ತ ಮೋಡೆಮ್ ಸ್ವಯಂಚಾಲಿತವಾಗಿ ಆ ಜಾಲದ ಕಡೆ ತಿರುಗಿಯೂ ನೋಡುವುದಿಲ್ಲ. ಕೈಯಾರೆ ಜಾಲ ಆರಿಸಿ ಸೇರಿಸಬೇಕು, ಅಥವಾ ಆ ಪಟ್ಟಿಯನ್ನು ಅಳಿಸಬೇಕು. ಅನೇಕ ಡಾಂಗಲ್‌ಗಳಲ್ಲಿ ಇವೆರಡಕ್ಕೂ ಅವಕಾಶವಿರುವುದಿಲ್ಲ, ಮಾಡ್ಯೂಲ್‌ನಲ್ಲಿ ಎರಡೂ ಸಾಧ್ಯ; ನನ್ನ ಒಲವಿಗೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇಡ. 3, 6, 7, 8ರಂಥ ಕಾರಣಗಳಲ್ಲಾದರೆ ಮೋಡೆಮ್ ಸಿಮ್ ಅನ್ನೇ ಅಮಾನ್ಯವೆಂದು ಪರಿಗಣಿಸಿ, ಸಿಮ್ ತೆಗೆದು ಹಾಕುವವರೆಗೆ ಅಥವಾ ಕರೆಂಟ್ ತೆಗೆದು ಕೊಡುವವರೆಗೆ ಮತ್ತೆ ಪ್ರಯತ್ನಿಸುವುದಿಲ್ಲ. ಗುಡ್ಡದ ಮೇಲಿನ ಮೋಡೆಮ್‌ಗೆ ದೂರದಿಂದ ಕರೆಂಟ್ ತೆಗೆದು ಕೊಡುವ ರಿಲೇ ಇರಬೇಕೆನ್ನುವುದು ಇದಕ್ಕಾಗಿಯೇ.

ನೋಂದಣಿಯಾಗಿ, ಒಂದೆರಡು ನಿಮಿಷದಲ್ಲಿ ಕಳಚಿಕೊಳ್ಳುವ ಮೋಡೆಮ್‌ಗಳೂ ಇವೆ. ಅವು ತಮ್ಮನ್ನು ಫೋನ್ ಎಂದು ಭಾವಿಸಿ, ಕರೆ ಸೌಲಭ್ಯವಿಲ್ಲದ ಜಾಲದಲ್ಲಿ ನಿಲ್ಲಲು ಒಪ್ಪುವುದಿಲ್ಲ. ಬಳಕೆಯ ವಿಧಾನವನ್ನು ದತ್ತಾಂಶ ಪ್ರಧಾನವಾಗಿ ಬದಲಿಸಿದರೆ ಸರಿಹೋಗುತ್ತದೆ.

ಮೋಡೆಮ್‌ನ ಈಚೆಗೆ

ಕಂಪ್ಯೂಟರ್ ಮತ್ತು ಮಾಡ್ಯೂಲ್ ನಡುವೆ ದತ್ತಾಂಶ ಸಾಗಿಸುವ ವಿಧಾನಕ್ಕೆ ಪಿಪಿಪಿ, ಇಸಿಎಂ, ಕ್ಯುಎಂಐ, ಎಂಬಿಐಎಂ ಎಂಬ ಆಯ್ಕೆಗಳಿವೆ. ಪಿಪಿಪಿ ಹಳೆಯದು, ನಿಧಾನ. ಕ್ಯಾಟ್-1 ಮೋಡೆಮ್‌ನ ಸಣ್ಣ ದತ್ತಾಂಶಕ್ಕೆ ಮಾತ್ರ ಸಾಕು. ಲಿನಕ್ಸ್‌ನಲ್ಲಿ ಕ್ಯುಎಂಐ ಅಥವಾ ಎಂಬಿಐಎಂ, ವಿಂಡೋಸ್‌ನಲ್ಲಿ ಎಂಬಿಐಎಂ ಇಟ್ಟುಕೊಂಡರೆ ಹೆಚ್ಚು ಯೋಚಿಸಬೇಕಿಲ್ಲ.

ಹೆಚ್ಚು ಯೋಚಿಸಬೇಕಾದ್ದು ರೌಟರ್‌ನ ಹಿಂದಿರುವ ಪಿಎಲ್‌ಸಿಯನ್ನು ಕಚೇರಿಯಿಂದ ಮುಟ್ಟುವುದು ಹೇಗೆಂದು. ಕೋರ್ ವಿಳಾಸ ಕೊಡುವುದು ಮೋಡೆಮ್‌ಗೆ ಮಾತ್ರ. ಅದರ ಹಿಂದಿನ 192.168ರ ಉಪಕರಣಗಳ ಪರಿಚಯ ಕೋರ್‌ಗೆ ಇರುವುದಿಲ್ಲ. ಒಂದೇ ಪಿಎಲ್‌ಸಿ ಇದ್ದರೆ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಒಂದು ಪೋರ್ಟ್ ಸಂಖ್ಯೆಗೆ ಬಂದ ದತ್ತಾಂಶವನ್ನು ಪಿಎಲ್‌ಸಿಗೆ ದಾಟಿಸುವ ನಿಯಮ) ಹಾಕುವುದು ಸುಲಭ: ಮಾಡ್‌ಬಸ್‌ಗೆ ಪೋರ್ಟ್ 502, ವಿದ್ಯುತ್ ಕೇಂದ್ರಗಳ ಸ್ಕಾಡಾಗೆ (ದೂರದಿಂದ ನಿಗಾ ಇಡುವ ವ್ಯವಸ್ಥೆಗೆ) ಬಳಸುವ ಐಇಸಿ 104 ಪ್ರೋಟೊಕಾಲ್‌ಗೆ 2404. ಹಲವು ಉಪಕರಣಗಳಿದ್ದರೆ ಆ ಇಡೀ ಉಪಜಾಲವನ್ನು ಸಿಮ್‌ನ ಜೊತೆ ಕೋರ್‌ನಲ್ಲೇ ನಮೂದಿಸುವ ‘ಫ್ರೇಮ್ಡ್ ರೂಟ್’ ಸೌಲಭ್ಯ ಉತ್ತಮ, ಆದರೆ ಅದನ್ನು ಜಾಲ ಕೊಡುವವರು ಮಾಡಿಕೊಡಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಕೇಳಬೇಕು. ಒಪ್ಪದಿದ್ದರೆ ರೌಟರ್‌ನಿಂದ ಕಚೇರಿಗೆ ವಿಪಿಎನ್. ವಿಪಿಎನ್ ಹಾಕುವವರು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಅನ್ನು 1400 ಬೈಟ್ ಅಥವಾ ಅದಕ್ಕಿಂತ ಕಡಿಮೆ ಇಡಬೇಕು. ಬೇಸ್ ಸ್ಟೇಷನ್‌ನಿಂದ ಕೋರ್‌ವರೆಗಿನ ಸುರಂಗವೇ ಪ್ರತಿ ಪ್ಯಾಕೆಟ್‌ಗೆ ಕನಿಷ್ಠ 36 ಬೈಟ್ ಸೇರಿಸುತ್ತದೆ. ಇದನ್ನು ಕಡೆಗಣಿಸಿದರೆ ಪಿಂಗ್ ಹೋಗುತ್ತದೆ, ಸಣ್ಣ ದತ್ತಾಂಶ ಬರುತ್ತದೆ, ಕ್ಯಾಮೆರಾ ಚಿತ್ರ ಮಾತ್ರ ಬರುವುದಿಲ್ಲ.

ಆಂಟೆನಾ

ಆಂಟೆನಾವನ್ನು ಪ್ಯಾನೆಲ್ ಬಾಕ್ಸಿನ ಒಳಗೇ ಬಿಟ್ಟು ಬಾಗಿಲು ಮುಚ್ಚುವುದು ಎಲ್ಲ ಕಡೆ ಕಾಣುವ ತಪ್ಪು. ಕಬ್ಬಿಣದ ಪೆಟ್ಟಿಗೆಯ ಹೊರಗೆ, ಮೇಲ್ಭಾಗದಲ್ಲಿ, ಬೇಸ್ ಸ್ಟೇಷನ್ನಿಗೆ ಕಾಣುವಂತೆ ಅದನ್ನು ಕೂರಿಸಬೇಕು. ಜೊತೆಗೆ ಬರುವ ತೆಳು ಕೇಬಲ್ 3.5 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಎರಡು ಡೆಸಿಬೆಲ್‌ಗೂ ಹೆಚ್ಚು ನುಂಗುತ್ತದೆ. ಮೂರು ಡೆಸಿಬೆಲ್ ಹೋದರೆ ಅರ್ಧ ಶಕ್ತಿ ಹೋದಂತೆ. ಐದು ಮೀಟರ್ ಎತ್ತರಕ್ಕೆ ಆಂಟೆನಾ ಒಯ್ಯುವುದಾದರೆ ದಪ್ಪನೆಯ, ಕಡಿಮೆ ನಷ್ಟದ ಕೇಬಲ್ ಕೊಳ್ಳಬೇಕು, ಇಲ್ಲವೇ ರೌಟರ್ ಅನ್ನೇ ಮೇಲಕ್ಕೆ ಒಯ್ದು ಎತರ್ನೆಟ್ ಕೇಬಲ್ ಅನ್ನು ಕೆಳಗಿಳಿಸಬೇಕು. ಎರಡನೆಯದೇ ಅಗ್ಗ. ಕೂರಿಸಿದ ಮೇಲೆ ಮೋಡೆಮ್‌ನಲ್ಲಿ ಆರ್‌ಎಸ್‌ಆರ್‌ಪಿ (ಸಂಕೇತದ ಬಲ) ಓದಿದಾಗ ಮೈನಸ್ 100 ಡಿಬಿಎಂಗಿಂತ ಉತ್ತಮ ಅಂಕಿ, ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಂಕೇತದ ಸ್ಪಷ್ಟತೆ) 10 ಡೆಸಿಬೆಲ್‌ಗಿಂತ ಹೆಚ್ಚು, ಇವು ಬಂದರೆ ನಿಶ್ಚಿಂತೆಯಿಂದ ಇರಬಹುದು. ಗಣಿಯಲ್ಲಾದರೆ ಈ ಅಳತೆಯನ್ನು ಹೊಂಡದ ತಳದಲ್ಲಿ, ಟಿಪ್ಪರ್ ನಿಲ್ಲುವ ಜಾಗದಲ್ಲಿ, ತೂಕದ ಸೇತುವೆಯ ಬಳಿ ಬೇರೆ ಬೇರೆಯಾಗಿ ತೆಗೆದು ಬರೆದಿಡಬೇಕು. ಅಗೆತ ಮುಂದುವರಿದಂತೆ ಹೊಂಡದ ಆಕಾರ ಬದಲಾಗುವುದರಿಂದ ಪ್ರತಿ ಕೆಲವು ತಿಂಗಳಿಗೊಮ್ಮೆ ಅದೇ ಜಾಗಗಳಲ್ಲಿ ಮತ್ತೆ ಅಳೆಯಬೇಕಾಗುತ್ತದೆ.